ಮಾದರಿ ಮನೆಯ ಬಿಸಿಲು

ಪ್ರತಿದಿನ ಬೆಳಿಗ್ಗೆ ಸೂರ್ಯನನ್ನು ಹಚ್ಚುವ ಕೆಲಸ ನನ್ನದಾಗಿತ್ತು.

ನಗಬೇಡಿ, ನಿಜ. ಭಾವ ಕಟ್ಟಿಸುತ್ತಿದ್ದ ಅಪಾರ್ಟ್‌ಮೆಂಟ್ ಇನ್ನೂ ಪಾಯದ ಗುಂಡಿಯಲ್ಲೇ ಇತ್ತು. ಮುಂಗಡ ಕೊಡುವ ಮೊದಲು ಜನ ಏನನ್ನಾದರೂ ಕಣ್ಣಲ್ಲಿ ನೋಡಬೇಕಲ್ಲ? ಅದಕ್ಕೆ ಗುಂಡಿಯ ಪಕ್ಕ ಒಂದು ತಗಡಿನ ಶೆಡ್ಡು, ಶೆಡ್ಡಿನೊಳಗೆ ಒಂದು ಮಾದರಿ ಮನೆ. ಫ್ರಿಜ್ಜಿಗೆ ಬಾಗಿಲು ಮಾತ್ರ. ನಲ್ಲಿಯಲ್ಲಿ ನೀರಿಲ್ಲ. ಕಪಾಟಿನ ಪುಸ್ತಕಗಳಿಗೆ ಬೆನ್ನಿದೆ, ಹೊಟ್ಟೆಯಿಲ್ಲ. ಬಚ್ಚಲ ಬಾಗಿಲಿಗೆ ಹೊರಗಡೆಯಷ್ಟೇ ಹಿಡಿ. ಒಳಗೆ ಯಾರು ಸ್ನಾನ ಮಾಡುತ್ತಾರೆ ಎಂದು ಭಾವ ಒಳಗಿನ ಹಿಡಿಯ ಖರ್ಚು ಉಳಿಸಿದ್ದರು. ಬಾಗಿಲು ಮುಚ್ಚಿಕೊಳ್ಳದಂತೆ ನಾನು ಕೆಳಗೊಂದು ಮರದ ಬೆಣೆ ಇಡುತ್ತಿದ್ದೆ. ಹಾಲಿನ ಕಿಟಕಿಯ ಗಾಜಿನ ಹಿಂದೆ ಸಾಲು ದೀಪ. ಸ್ವಿಚ್ ಒತ್ತಿದರೆ ಸೋಫಾದ ಮೇಲೆ ಎಳೆಬಿಸಿಲು.

ಆ ಬಿಸಿಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು, ಬಂದವರಿಗೆಲ್ಲ ನಗುನಗುತ್ತ "ನಿಮ್ಮ ಕನಸಿನ ಮನೆಗೆ ಸ್ವಾಗತ" ಎನ್ನುವುದು ನನ್ನ ಉದ್ಯೋಗ. ನಗುವುದೆಂದರೆ ಬಾಯಿ ಮುಚ್ಚಿಕೊಂಡೇ. ನನ್ನ ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿದೆ. ಜೋರು ನಗು ಬಂದರೆ ಕೈ ತಾನಾಗಿಯೇ ಬಾಯಿಗೆ ಅಡ್ಡ ಹೋಗುತ್ತದೆ.

ಅವರು ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ. ಎತ್ತರದ ಆಳು, ಶರ್ಟಿನ ತೋಳಿನ ತುಂಬ ಬಿಳಿ ಪುಡಿ. ಗಾರೆ ಕೆಲಸದವರೇ ಇರಬೇಕೆಂದು ನಾನು ಮುಖವೆತ್ತಿಯೂ ನೋಡದೆ, "ಕೆಲಸದವ್ರು ಹಿಂದಿನ ಗೇಟಿಂದ ಹೋಗ್ಬೇಕು" ಅಂದುಬಿಟ್ಟೆ.

"ಫ್ಲ್ಯಾಟ್ ತಗೊಳ್ಳೋವ್ರು ಯಾವ ಗೇಟು ಮೇಡಂ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಇದೇ... ಇದೇ ಗೇಟು ಸರ್. ನಿಮ್ಮ ಕನಸಿನ ಮನೆಗೆ ಸ್ವಾಗತ."

"ಕನಸಿನ ಮನೇಲಿ ಗದರಿಸಿ ಸ್ವಾಗತ ಮಾಡ್ತಾರೆ ಅಂತ ಗೊತ್ತಿರಲಿಲ್ಲ." ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ತುಟಿಯ ಒಂದು ಮೂಲೆ ಮಾತ್ರ ಮೇಲೆ ಹೋಗಿತ್ತು. ಕಿಟಕಿಯ ಹತ್ತಿರ ನಿಂತು ಸೋಫಾ ನೋಡಿದರು, ಗಾಜು ನೋಡಿದರು, ಮತ್ತೆ ನನ್ನನ್ನು ನೋಡಿದರು. "ಇದು ಉತ್ತರದ ಕಿಟಕಿ ಅಲ್ವಾ?"

"ಹೌದು ಸರ್. ಇಡೀ ಫ್ಲ್ಯಾಟಿಗೆ ಇದೇ ಹೈಲೈಟು."

"ಉತ್ತರದ ಕಿಟಕೀಲಿ ಇಷ್ಟು ಚೆಂದ ಬಿಸಿಲು ಹೇಗೆ ಬೀಳ್ತಿದೆ?"

"ನಮ್ಮ ಭಾವ ಸ್ಪೆಷಲ್ಲಾಗಿ ಆರ್ಡರ್ ಕೊಟ್ಟು ತರಿಸಿದ್ದಾರೆ."

ಅವರು ಗೊಳ್ಳೆಂದು ನಕ್ಕರು. ನನಗೂ ತಡೆಯಲಾಗಲಿಲ್ಲ. ಕೈ ಬಾಯಿಗೆ ಹೋಗುವಷ್ಟರಲ್ಲಿ ಅವರ ಕಣ್ಣು ನನ್ನ ಹಲ್ಲಿನ ಮೇಲೆ ನಿಂತುಬಿಟ್ಟಿತ್ತು.

"ಎ ಟೂ," ಅಂದರು.

"ಏನದು?"

"ನಿಮ್ಮ ಹಲ್ಲಿನ ಶೇಡು. ಈ ಬೆಳಕಲ್ಲಿ ಹೇಳ್ಬಾರದು, ಆದ್ರೂ ಎ ಟೂ ಇರ್ಬೇಕು. ತಪ್ಪು ತಿಳ್ಕೋಬೇಡಿ, ನಾನು ಹಲ್ಲು ಮಾಡೋನು."

"ಡಾಕ್ಟ್ರಾ?"

"ಡಾಕ್ಟ್ರು ಕೀಳೋರು. ನಾನು ಕಟ್ಟೋನು." ತೋಳಿನ ಬಿಳಿ ಪುಡಿ ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರಂತೆ. ಕಟ್ಟುವ ಹಲ್ಲಿನ ಬಣ್ಣ ಪಕ್ಕದ ಹಲ್ಲಿಗೆ ಹೊಂದಬೇಕು, ಟ್ಯೂಬ್‌ಲೈಟಿನಲ್ಲಿ ನೋಡಿದರೆ ಮೋಸವಾಗುತ್ತದೆ, ಉತ್ತರದ ಕಿಟಕಿಯ ಬೆಳಕಾದರೆ ಇಡೀ ದಿನ ಒಂದೇ ಸಮ ಇರುತ್ತದೆ ಎಂದು ವಿವರಿಸಿದರು. ಈಗಿರುವ ಬಾಡಿಗೆ ಕೋಣೆಯ ಒಡೆಯ ಖಾಲಿ ಮಾಡಿ ಅನ್ನುತ್ತಿದ್ದಾನೆ. ಮನೆಯೂ ಆಗಬೇಕು, ಕೆಲಸದ ಜಾಗವೂ ಆಗಬೇಕು. "ಈ ಕಿಟಕಿಗೋಸ್ಕರವೇ ಬಂದೆ," ಅಂದರು. ಹೊರಡುವಾಗ ಬಾಗಿಲಲ್ಲಿ ತಿರುಗಿ, "ಇನ್ನೊಂದ್ಸಲ ಬಾಯಿ ಮುಚ್ಕೋಬೇಡಿ ಮೇಡಂ. ಆ ಹತ್ತಿ ಕೂತಿರೋ ಹಲ್ಲಿದೆಯಲ್ಲ, ಅಂಥದ್ದನ್ನ ನಾನು ತಲೆಕೆಳಗಾಗಿ ನಿಂತ್ರೂ ಮಾಡೋಕಾಗಲ್ಲ," ಅಂದರು.

ಅವತ್ತು ಸೂರ್ಯನನ್ನು ಆರಿಸಲು ಮರೆತು ಮನೆಗೆ ಹೋದೆ. ಕರೆಂಟ್ ಬಿಲ್ಲಿನ ವಿಷಯಕ್ಕೆ ಭಾವನಿಂದ ಬೈಸಿಕೊಂಡೆ.

ಮುಂದಿನ ವಾರ ಬಂದು, ಅಡುಗೆಮನೆಯ ಮೇಜಿನ ಮೇಲಿನ ಮೇಣದ ಹಣ್ಣುಗಳನ್ನು ಪಕ್ಕಕ್ಕೆ ಸರಿಸಿ, ವಿವರಣಾ ಪತ್ರವನ್ನು ಮೊದಲ ಪುಟದಿಂದ ಓದಿದರು. ಕಟ್ಟಡ ಏಳುವ ಮೊದಲೇ ಮಾರುವವರು ಅದನ್ನು ಕೊಡಲೇಬೇಕು: ಎಷ್ಟು ಮಹಡಿ, ಯಾವ ಕಿಟಕಿ ಯಾವ ಕಡೆ, ಎದುರಿಗೆ ಏನು ಬರುತ್ತದೆ, ಯಾವಾಗ ಕೀಲಿ ಕೈಗೆ. ಎಲ್ಲರೂ ಕೊನೆಯ ಪುಟ ತೆಗೆದು ಸಹಿ ಹಾಕಿ ಹೋಗುತ್ತಿದ್ದರು. ಓದಿದವರು ಇವರೊಬ್ಬರೇ.

"ಇದರಲ್ಲಿ ಹೇಳಿದ್ದು ಆಮೇಲೆ ಬದಲಾದ್ರೆ?"

"ದೊಡ್ಡ ಬದಲಾವಣೆ ಆದ್ರೆ ನಿಮಗೆ ಬರೆದು ತಿಳಿಸ್ತೀವಿ ಸರ್. ಅದನ್ನ ನೋಡಿ ಬೇಡ ಅನ್ನಿಸಿದ್ರೆ ಏಳು ದಿನದೊಳಗೆ ಹಿಂದೆ ಸರೀಬಹುದು. ಮುಂಗಡ ವಾಪಸ್."

"ಅಲ್ಲೀತನಕ ನನ್ನ ದುಡ್ಡು?"

"ವಕೀಲರ ಟ್ರಸ್ಟ್ ಖಾತೇಲಿ. ಭಾವನೂ ಮುಟ್ಟೋ ಹಾಗಿಲ್ಲ."

"ನೀವು?"

"ನಾನು ಈ ಮೇಣದ ಹಣ್ಣು ಬಿಟ್ಟು ಬೇರೇನೂ ಮುಟ್ಟಲ್ಲ."

ಸಹಿ ಹಾಕಿದರು, ಮೊದಲ ಕಂತು ಕಟ್ಟಿದರು. ಆಮೇಲೂ ಬರುತ್ತಲೇ ಇದ್ದರು. ಒಂದು ವಾರ ಅಜ್ಜಿಯ ಮಂಚ ಎಲ್ಲಿ ಹಿಡಿಸುತ್ತದೆ ನೋಡಬೇಕಿತ್ತು. ಇನ್ನೊಂದು ವಾರ ಪ್ಲಗ್ ಪಾಯಿಂಟ್ ಎಣಿಸಬೇಕಿತ್ತು. ಅವರಿಗಿದ್ದದ್ದು ಅಜ್ಜಿಯೊಬ್ಬರೇ. ಮೊಮ್ಮಗ ಕಟ್ಟಿಕೊಟ್ಟ ಹಲ್ಲುಸೆಟ್ಟನ್ನು ಆಕೆ ಊಟಕ್ಕೆ ಹಾಕಿಕೊಳ್ಳುವುದಿಲ್ಲವಂತೆ, ಯಾರನ್ನಾದರೂ ಬೈಯುವುದಿದ್ದರೆ ಮಾತ್ರ ಹಾಕಿಕೊಳ್ಳುತ್ತಾರಂತೆ. ನಾನು ಫ್ಲಾಸ್ಕಿನ ಚಹಾವನ್ನು ಎರಡು ಲೋಟಕ್ಕೆ ಬಗ್ಗಿಸುತ್ತಿದ್ದೆ. ನೀರಿಲ್ಲದ ಸಿಂಕಿನ ಪಕ್ಕ ನಿಂತು, ಯಾವುದೋ ಗಂಡಹೆಂಡಿರ ಹಾಗೆ, ಹಾಲು ಉಕ್ಕಿದರೆ ಒಲೆ ಒರೆಸುವವರು ಯಾರು ಎಂದು ಸುಮ್ಮಸುಮ್ಮನೆ ಜಗಳವಾಡುತ್ತಿದ್ದೆವು.

"ಮಂಗಳವಾರ ಬಂದ್ರೆ ಸಾಕು, ನಿನ್ನ ಕೂದಲು ತಾನಾಗೇ ಬಾಚ್ಕೊಳ್ಳುತ್ತೆ, ಅಲ್ವೇನೇ?" ಅಕ್ಕ ಕಾಲೆಳೆದಳು. ಹೌದು, ಪ್ರೀತಿಯಾಗಿತ್ತು. ಮುಚ್ಚಿಡುವುದೇನು?

ಆಗಲೇ ಭಾವ ಊಟಕ್ಕೆ ಕೂತು ಸಿಹಿಸುದ್ದಿ ಹೇಳಿದ್ದು. "ಉತ್ತರದ ಪಕ್ಕದ ಜಾಗ ಸಿಕ್ತು. ಪ್ಲ್ಯಾನೂ ಪಾಸಾಯ್ತು. ಅಲ್ಲೊಂದು ಎರಡನೇ ಬ್ಲಾಕ್ ಎಬ್ಬಿಸ್ತೀನಿ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಉತ್ತರದ ಕಿಟಕಿಗಳ ಎದುರಿಗೇನಾ ಭಾವ?"

"ಮತ್ತಿನ್ನೆಲ್ಲಿ? ಈ ಬ್ಲಾಕಲ್ಲಿ ನಿಂತು ಕೈ ಚಾಚಿದ್ರೆ ಆ ಬ್ಲಾಕಿನ ಗೋಡೆ ಸಿಗಬೇಕು, ಹಾಗೆ. ಒಂದಡಿ ಜಾಗಾನೂ ವೇಸ್ಟ್ ಮಾಡಲ್ಲ."

"ಹಾಗಾದ್ರೆ ತಗೊಂಡವ್ರಿಗೆ ತಿಳಿಸ್ಬೇಕಲ್ಲ."

"ತಿಳಿಸೋಣ, ತಿಳಿಸೋಣ. ಎರಡನೇ ಕಂತು ಬರ್ಲಿ, ಬ್ಯಾಂಕಿನವ್ರು ಸಾಲ ಬಿಡುಗಡೆ ಮಾಡ್ಲಿ. ಈಗ ಹೇಳಿ ನಾಲ್ಕು ಜನ ಎದ್ದು ಹೋದ್ರೆ ಸಾಲ ಹೋಯ್ತು. ಸಾಲ ಹೋದ್ರೆ ಈ ಮನೇನೂ ಹೋಯ್ತು, ಗೊತ್ತಾಯ್ತಾ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಸುಮ್ನೆ ಹೇಳ್ಲಿಲ್ಲ. ಬಾಯಿಗೆ ಬೀಗ ಹಾಕ್ಕೋ ಪುಟ್ಟಿ."

ಭಾವ ಕೆಟ್ಟವರೆಂದು ಹೇಳಿ ನಾನು ಪಾರಾಗುವ ಹಾಗಿಲ್ಲ. ಅಮ್ಮನ ಕೊನೆಗಾಲದ ಆಸ್ಪತ್ರೆ ಖರ್ಚು ಅವರದ್ದು, ನನ್ನ ಓದು ಅವರದ್ದು, ತಲೆಯ ಮೇಲಿನ ಸೂರು ಅವರದ್ದು. ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಸೂರು ಮಾರುವುದೇ ವ್ಯಾಪಾರವಾಗಿರುವ ಮನೆಯಲ್ಲಿ ಜಂತೆಯ ಲೆಕ್ಕ ಕೇಳುವುದಾದರೂ ಹೇಗೆ? ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ನುಂಗಲೂ ಆಗದು, ಉಗುಳಲೂ ಆಗದು.

ಇನ್ನೊಂದು ಕಾರಣವೂ ಇತ್ತು. ಅದನ್ನು ಹೇಳಲು ನಾಚಿಕೆಯಾಗುತ್ತದೆ. ಹೇಳಿದರೆ ಅವರು ಕಿಟಕಿ ಬಿಡುತ್ತಾರೆ. ಕಿಟಕಿ ಬಿಟ್ಟರೆ ಮಂಗಳವಾರ ಬರಲು ಅವರಿಗೆ ಯಾವ ಕಾರಣ ಉಳಿಯುತ್ತದೆ? ಹೇಳದಿದ್ದರೆ ಬರುತ್ತಲೇ ಇರುತ್ತಾರೆ, ಕತ್ತಲೆಯ ಮನೆಗೆ ಒಂದೊಂದೇ ಕಂತು ಕಟ್ಟುತ್ತ.

ಮುಂದಿನ ಮಂಗಳವಾರ ಅವರು ಎರಡನೇ ಕಂತಿನ ಚೆಕ್ಕನ್ನು ಜೇಬಿನಲ್ಲಿಟ್ಟುಕೊಂಡೇ ಬಂದರು. ಕೈಯಲ್ಲಿ ಅಳತೆ ಟೇಪು. "ಬಚ್ಚಲಲ್ಲಿ ಪ್ಲಾಸ್ಟರ್ ತೊಳೆಯೋ ತೊಟ್ಟಿ ಹಿಡಿಸುತ್ತಾ ನೋಡ್ಬೇಕು. ಆ ತುದಿ ಹಿಡ್ಕೊಳ್ತೀರಾ?"

ನಾನು ಒಳಗೆ ಹೋಗಿ ಟೇಪಿನ ತುದಿ ಹಿಡಿದೆ. ಅವರೂ ಒಳಗೆ ಬಂದು, ಇನ್ನೊಂದು ತುದಿ ಹಿಡಿದು ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿದರು. ಕಾಲಿಗೆ ತಾಗಿ ಬೆಣೆ ಜಾರಿತು. ಬಾಗಿಲು ಕ್ಲಿಕ್ ಎಂದಿತು.

"ಅಯ್ಯೋ!" ಅಂದೆ.

ಅವರು ಬಾಗಿಲು ತಡವಿದರು. "ಹಿಡಿ ಎಲ್ಲಿ?"

"ಹೊರಗಡೆ."

"ಒಳಗಡೆ?"

"ನಮ್ಮ ಭಾವ ಆರ್ಡರ್ ಕೊಟ್ಟಿಲ್ಲ."

ಈ ಸಲ ಇಬ್ಬರಿಗೂ ಅಷ್ಟು ನಗು ಬರಲಿಲ್ಲ. ಫೋನುಗಳೆರಡೂ ಹೊರಗೆ ಮೇಣದ ಹಣ್ಣಿನ ಪಕ್ಕದಲ್ಲಿದ್ದವು. ಕೂಗಿದೆವು, ಗುಂಡಿಯಲ್ಲಿ ಮಣ್ಣೆತ್ತುವ ಯಂತ್ರದ ಸದ್ದಿಗೆ ಯಾರಿಗೆ ಕೇಳಬೇಕು? ಬಾಗಿಲಿನ ಹಲಗೆಗೆ ಭುಜ ಕೊಟ್ಟು ನೂಕಿದರು. ಇಡೀ ಗೋಡೆಯೇ ಅಲ್ಲಾಡಿತು, ಬಾಗಿಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಇಬ್ಬರೂ ಒಣ ಟಬ್ಬಿನ ಅಂಚಿನ ಮೇಲೆ ಕೂತೆವು. ಜಾಗ ಅಷ್ಟೇ ಇದ್ದದ್ದು. ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು, ಶರ್ಟಿನಿಂದ ಪ್ಲಾಸ್ಟರಿನ ತಣ್ಣನೆಯ ವಾಸನೆ ಬರುತ್ತಿತ್ತು.

"ಒಂದ್ಮಾತು ಹೇಳ್ಲಾ?" ಅವರು ನೆಲ ನೋಡುತ್ತ ಅಂದರು. "ಪ್ಲಗ್ ಪಾಯಿಂಟ್ ಎಣಿಸೋಕೆ ಯಾರಾದ್ರೂ ಮೂರು ಸಲ ಬರ್ತಾರಾ? ನಾನು ಬರ್ತಾ ಇದ್ದಿದ್ದು..."

"ಹೇಳ್ಬೇಡಿ," ಅಂದೆ.

ಅವರು ಥಟ್ಟನೆ ನಿಲ್ಲಿಸಿದರು. ಮುಖ ಸಣ್ಣದಾಯಿತು.

ಇಷ್ಟು ದಿನ ಕಾದ ಮಾತು ಬಾಯಿಯ ತುದಿಗೆ ಬಂದಿತ್ತು, ನಾನೇ ತಡೆದಿದ್ದೆ. ಆ ಮಾತನ್ನು ಕೇಳಿಸಿಕೊಂಡು, ಆಮೇಲೆ ಅವರ ಕೈಯಿಂದ ಆ ಚೆಕ್ಕನ್ನು ತೆಗೆದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

"ಮೊದ್ಲು ನಾನು ಹೇಳ್ತೀನಿ. ನಿಮ್ಮ ಕಿಟಕಿ ಮುಚ್ಚಿಹೋಗುತ್ತೆ. ಅದರ ಎದುರಿಗೆ ಇನ್ನೊಂದು ಬ್ಲಾಕ್ ಬರ್ತಿದೆ. ಬೆಳಕು ಬರಲ್ಲ. ನಿಮಗೆ ಬರೆದು ತಿಳಿಸ್ಬೇಕಿತ್ತು, ತಿಳಿಸ್ಲಿಲ್ಲ. ಆ ಚೆಕ್ ಕೊಡ್ಬೇಡಿ."

ಮಣ್ಣೆತ್ತುವ ಯಂತ್ರ ಹೊರಗೆ ಗುಡುಗುಡು ಅನ್ನುತ್ತಲೇ ಇತ್ತು.

"ನಿಮಗೆ ಯಾವಾಗಿಂದ ಗೊತ್ತು?"

"ಹೋದ ವಾರದಿಂದ. ಭಾನುವಾರ ನೀವು ಫೋನ್ ಮಾಡಿ ಪರದೆ ಯಾವ ಬಣ್ಣ ಹಾಕ್ಲಿ ಅಂತ ಕೇಳಿದ್ರಲ್ಲ, ಆಗ್ಲೂ ಗೊತ್ತಿತ್ತು."

"ನೀಲಿ ಹಾಕಿ ಅಂದ್ರಿ."

"ಅಂದೆ."

ಅವರು ಎದ್ದು ನಿಂತರು. ಆ ಪುಟ್ಟ ಬಚ್ಚಲಲ್ಲಿ ನನ್ನಿಂದ ದೂರ ಹೋಗಲು ಜಾಗವಿರಲಿಲ್ಲ. ಅದಕ್ಕೇ ಗೋಡೆಯ ಕಡೆ ಮುಖ ತಿರುಗಿಸಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಬೆನ್ನು ನೋಡಿಕೊಂಡು ಕೂರುವುದು ನರಕವಾಗಿತ್ತು. ಕಡೆಗೆ ಹೊರಗಿನಿಂದ ಹಿಡಿ ತಿರುಗಿತು. ಬಾಗಿಲಲ್ಲಿ ಭಾವ. ಚೆಕ್ ತೆಗೆದುಕೊಂಡು ಹೋಗಲು ಅವರೇ ಬಂದಿದ್ದರು.

"ಏನಿದು?"

"ಬಾಗಿಲಿಗೆ ಹಿಡಿ ಇಲ್ಲ ಸರ್," ಅಂದರು ಅವರು, ತಣ್ಣಗೆ. "ಕಿಟಕಿಗೆ ಬೆಳಕೂ ಇರಲ್ವಂತೆ. ಅದನ್ನ ಬರವಣಿಗೇಲಿ ಕೊಡಿ. ಏಳು ದಿನದ ಲೆಕ್ಕ ಆಮೇಲೆ ಶುರು ಮಾಡೋಣ."

ನನ್ನ ಕಡೆ ನೋಡದೆ ಹೋದರು. ಅಳತೆ ಟೇಪು ಟಬ್ಬಿನಲ್ಲೇ ಉಳಿಯಿತು.

ಮನೆಯಲ್ಲಿ ಆಮೇಲೆ ನಡೆದದ್ದನ್ನು ಉದ್ದ ಮಾಡುವುದಿಲ್ಲ. ಭಾವ ಕೂಗಾಡಿದರು. "ಹಾವಿಗೆ ಹಾಲೆರೆದೆ" ಅಂದರು. ಮಾರನೆಯ ದಿನ ವಕೀಲರೇ ಅವರನ್ನು ಕೂರಿಸಿ ಬುದ್ಧಿ ಹೇಳಿದರಂತೆ: ಮುಚ್ಚಿಟ್ಟದ್ದು ಕಟ್ಟಡ ಎದ್ದ ಮೇಲೆ ಗೊತ್ತಾಗಿದ್ದರೆ ಎಲ್ಲರ ಮುಂಗಡವನ್ನೂ ಒಟ್ಟಿಗೆ ವಾಪಸ್ ಕೊಡಬೇಕಾಗುತ್ತಿತ್ತು, ಮೇಲೆ ಕೋರ್ಟು ಬೇರೆ. ಭಾವ ಹಲ್ಲು ಕಡಿಯುತ್ತ ಎಲ್ಲರಿಗೂ ವಿವರಣಾ ಪತ್ರದ ತಿದ್ದುಪಡಿ ಕಳಿಸಿದರು. ಕೆಲವರು ಬಿಟ್ಟು ಹೋದರು, ಬಹಳ ಜನ ಬೆಲೆ ಇಳಿಸಿಕೊಂಡು ಉಳಿದರು. ಬ್ಯಾಂಕಿನ ಸಾಲ ಮುಂದಕ್ಕೆ ಹೋಯಿತು, ಮನೆಯೇನೂ ಹೋಗಲಿಲ್ಲ. ನನಗೆ ಮಾತ್ರ ಶಿಕ್ಷೆ: ಅದೇ ಶೆಡ್ಡಿನಲ್ಲಿ ಕೂತು, ಬೈಯಲು ಬಂದವರಿಂದೆಲ್ಲ ಬೈಸಿಕೊಳ್ಳುವುದು. ಭಾವ ನನ್ನೊಡನೆ ಮಾತು ಬಿಟ್ಟರು. "ಉಪ್ಪು ಕೊಡೋಕೆ ಹೇಳು ಅವಳಿಗೆ" ಎಂದು ಅಕ್ಕನ ಮೂಲಕ ಕೇಳುತ್ತಿದ್ದರು, ಉಪ್ಪು ಅವರ ಕೈಯ ಪಕ್ಕದಲ್ಲೇ ಇದ್ದರೂ.

ಹಲ್ಲಿನವರು ಹಿಂದೆ ಸರಿದಿದ್ದರು. ಮುಂಗಡ ವಾಪಸಾಯಿತೆಂದು ವಕೀಲರ ಆಫೀಸಿನಿಂದ ತಿಳಿಯಿತು. ಅಷ್ಟೇ. ಒಂದು ಮಂಗಳವಾರ ಹೋಯಿತು, ಇನ್ನೊಂದೂ ಹೋಯಿತು. ನಾನು ಬೆಳಿಗ್ಗೆ ಸೂರ್ಯನನ್ನು ಹಚ್ಚಿದೆ, ಸಂಜೆ ಆರಿಸಿದೆ.

ಒಂದು ಸಂಜೆ ಅಕ್ಕ ಬಟ್ಟೆ ಮಡಚುತ್ತ ಪಕ್ಕದಲ್ಲಿ ಕೂತಳು. "ಎಷ್ಟು ದಿನ ಹೀಗೆ?"

"ನಿಂಗೆ ತೊಂದ್ರೆ ಆಗ್ಬಾರ್ದು ಅಂತ ಸುಮ್ನಿದೀನಿ ಅಕ್ಕಾ. ನಾನು ಎದುರು ಮಾತಾಡಿ ಹೊರಟುಹೋದ್ರೆ ಭಾವ ನಿನ್ನ ಮೇಲೆ..."

"ನನ್ನ ಹೆಸ್ರು ಎಳೀಬೇಡ," ಅಕ್ಕ ತಟ್ಟನೆ ಅಂದಳು. "ಆ ಮನುಷ್ಯನ್ನ ಹೇಗೆ ಸಂಭಾಳಿಸ್ಬೇಕು ಅಂತ ನಂಗೆ ಗೊತ್ತು. ನಾನು ಇಲ್ಲಿರೋದು ನಂಗಿಷ್ಟ ಅಂತ. ನೀನಿರೋದು ಋಣ ತೀರಿಸೋಕೆ ಅಂತ. ಆ ಋಣ ಅಮ್ಮನದು ಕಣೇ, ನಾನಿದೀನಿ ಅದಕ್ಕೆ. ನೀನು ಯಾಕೆ ಅಡವಿಟ್ಟ ಪಾತ್ರೆ ಥರ ಕೂತಿದೀಯ?" ಆಮೇಲೆ ದನಿ ತಗ್ಗಿಸಿ, "ಅಂದ್ಹಾಗೆ, ಅವ್ರ ಹಲ್ಲು ಹೇಗಿದೆ?"

ನಾನು ಅವಳ ಮಡಿಲಿಗೆ ಮುಖ ಹುದುಗಿಸಿ ಅತ್ತೆ.

ಮೂರನೇ ಮಂಗಳವಾರ ಮಧ್ಯಾಹ್ನ ಶೆಡ್ಡಿನ ಬಾಗಿಲು ತೆರೆಯಿತು. ತೋಳಿನ ತುಂಬ ಬಿಳಿ ಪುಡಿ, ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಒಂದು ಹಿತ್ತಾಳೆಯ ಬಾಗಿಲ ಹಿಡಿ. ನಾನು ಎದ್ದು ನಿಂತೆ. ಸ್ವಾಗತದ ಮಾತು ಮರೆತುಹೋಯಿತು.

"ಕೆಲಸದವ್ರು ಹಿಂದಿನ ಗೇಟಿಂದ ಬರ್ಬೇಕಿತ್ತೇನೋ," ಅಂದರು.

"ಟೇಪು... ನಿಮ್ಮ ಟೇಪು ಇಲ್ಲೇ ಇದೆ."

"ಇರ್ಲಿ." ನೇರವಾಗಿ ಬಚ್ಚಲಿಗೆ ಹೋಗಿ ಮೊಣಕಾಲೂರಿ ಕೂತು, ಬಾಗಿಲಿನ ಒಳಮೈಗೆ ಹಿಡಿ ಕೂರಿಸತೊಡಗಿದರು. ತಿರುಪು ಬಿಗಿಮಾಡುತ್ತ, ನನ್ನನ್ನು ನೋಡದೆಯೇ ಮಾತಾಡಿದರು. "ಸಿಟ್ಟಿತ್ತು. ಸುಳ್ಳು ಹೇಳಲ್ಲ, ಬಹಳ ಸಿಟ್ಟಿತ್ತು. ಅಜ್ಜಿಗೆ ಎಲ್ಲಾ ಹೇಳ್ದೆ. ಹಲ್ಲುಸೆಟ್ ಹಾಕ್ಕೊಂಡ್ರು."

"ಬೈದ್ರಾ?"

"'ಮುಚ್ಚಿಟ್ಟವನ ಹತ್ರ ದುಡ್ಡಿಸ್ಕೊಂಡು ಬಂದೆ, ಬಾಯಿಬಿಟ್ಟು ಹೇಳಿದವಳ ಮೇಲೆ ಮುನಿಸ್ಕೊಂಡು ಕೂತಿದೀಯ. ಊರಿಗೆಲ್ಲಾ ಹಲ್ಲು ಕಟ್ತೀಯ, ನಿಂಗೆ ಬುದ್ಧಿ ಯಾರೋ ಕಟ್ಟೋರು?' ಅಂದ್ರು." ಎದ್ದು ನಿಂತು ಕೈ ಒರೆಸಿಕೊಂಡರು. "ಒಳಗೆ ಬನ್ನಿ."

ಹೋದೆ. ಅವರು ಬಾಗಿಲು ಮುಚ್ಚಿದರು. ಕ್ಲಿಕ್.

"ನನ್ನ ಕಡೆಯಿಂದ ವಿವರಣೆ," ಅಂದರು, ಶಾಲೆಯ ಹುಡುಗ ಪದ್ಯ ಒಪ್ಪಿಸುವ ಹಾಗೆ ನೆಟ್ಟಗೆ ನಿಂತು. "ಮನೆ ಇಲ್ಲ. ಬೇರೆ ಕಡೆ ಬಾಡಿಗೆಗೆ ಎರಡು ಕೋಣೆ ಸಿಕ್ಕಿದೆ, ಉತ್ತರಕ್ಕೊಂದು ಕಿಟಕಿ ಇದೆ. ಗೊರಕೆ ಹೊಡೀತೀನಿ. ಎದುರಿನ ಈ ಹಲ್ಲು ನಂದಲ್ಲ, ಸೈಕಲ್ಲಿಂದ ಬಿದ್ದಿದ್ದೆ, ನಾನೇ ಮಾಡ್ಕೊಂಡಿದ್ದು. ಸಿಟ್ಟು ಬಂದ್ರೆ ಗೋಡೆ ಕಡೆ ತಿರುಗ್ತೀನಿ, ಅದು ನೀವೇ ನೋಡಿದೀರಿ, ತಿದ್ಕೊಳ್ತೀನಿ. ಅಜ್ಜಿ ಇದಾರೆ, ಹಲ್ಲುಸೆಟ್ ಸಮೇತ. ಮತ್ತೆ... ಅವತ್ತು ಅರ್ಧಕ್ಕೆ ನಿಲ್ಲಿಸಿದ ಮಾತು. ನಾನು ಬರ್ತಿದ್ದದ್ದು ಕಿಟಕಿಗಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ. ಇದನ್ನೆಲ್ಲಾ ಯೋಚಿಸಿ ಬೇಡ ಅನ್ನಿಸಿದ್ರೆ, ಏಳು ದಿನ ಟೈಮಿದೆ."

"ಮುಂಗಡ?" ಅಂದೆ.

"ಗೇಟಲ್ಲಿ ಗದರಿಸಿದ ದಿನಾನೇ ಕೊಟ್ಟಾಯ್ತು. ವಾಪಸ್ ಬೇಡ."

ಹೊರಗೆ ಯಾರೋ ಫ್ಲ್ಯಾಟ್ ನೋಡಲು ಬಂದವರು "ಮೇಡಂ, ಯಾರಾದ್ರೂ ಇದೀರಾ?" ಎಂದು ಕೂಗಿದರು. ಹಿತ್ತಾಳೆಯ ಹಿಡಿಯ ಮೇಲೆ ಕೈಯಿಟ್ಟೆ. ಅವರ ಅಂಗೈಯ ಬಿಸಿ ಇನ್ನೂ ಅದರಲ್ಲಿತ್ತು. ತಿರುಗಿಸಿದೆ. ಬಾಗಿಲು ಸದ್ದಿಲ್ಲದೆ ತೆರೆಯಿತು.

ಬಂದವರ ಕೈಗೆ ತಿದ್ದುಪಡಿಯ ಪ್ರತಿ ಕೊಟ್ಟೆ. "ಉತ್ತರದ ಕಿಟಕಿಗೆ ಬೆಳಕು ಬರಲ್ಲ. ಪೂರ್ತಿ ಓದ್ಕೊಳ್ಳಿ, ಆಮೇಲೆ ಮಿಕ್ಕಿದ್ದು ಮಾಲೀಕರನ್ನೇ ಕೇಳಿ," ಅಂದೆ. ಶೆಡ್ಡಿನ ಕೀಲಿಯನ್ನು ಮೇಣದ ಹಣ್ಣಿನ ತಟ್ಟೆಯಲ್ಲಿಟ್ಟು, ಅಕ್ಕನಿಗೆ ಫೋನ್ ಮಾಡಿದೆ. "ಕೆಲಸ ಬಿಟ್ಟೆ ಅಕ್ಕಾ." ಅವಳು, "ಸದ್ಯ! ಭಾವನಿಗೆ ನಾನು ಹೇಳ್ತೀನಿ. ಊಟದ ಹೊತ್ತಿಗೆ ಅವ್ರನ್ನೂ ಕರ್ಕೊಂಡು ಬಾ, ಹಲ್ಲು ನೋಡ್ಬೇಕು," ಅಂದಳು. ಆಮೇಲೆ ಬಾಗಿಲ ಹಿಂದಿನ ಬಿಳಿ ಸ್ವಿಚ್ ಒತ್ತಿ ಸೂರ್ಯನನ್ನು ಆರಿಸಿದೆ.

ಹೊರಗೆ ಬಂದೆವು. ಗುಂಡಿ, ಕೆಂಪು ಮಣ್ಣಿನ ಗುಡ್ಡೆ, ಕಬ್ಬಿಣದ ಸರಳುಗಳು, ಅವುಗಳ ಮೇಲೆಲ್ಲ ಧಾರಾಳವಾಗಿ ಬಿದ್ದ ಮಧ್ಯಾಹ್ನದ ಬೆಳಕು. ಇಷ್ಟು ದಿನದಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಹಗಲ ಬೆಳಕಲ್ಲಿ ನೋಡಿದ್ದೇ ಇಲ್ಲ ಎಂದು ಆಗ ಹೊಳೆಯಿತು. ಅವರ ಕಣ್ಣು ಕಪ್ಪಲ್ಲ, ಕಂದು. ಹುಬ್ಬಿನ ಮೇಲೂ ಪ್ಲಾಸ್ಟರಿನ ಪುಡಿ.

ಅವರು ನನ್ನೆರಡು ಕೈಗಳನ್ನೂ ಹಿಡಿದು, ಬೆಳಕಿನ ಕಡೆ ನಿಲ್ಲಿಸಿಕೊಂಡು, ಹುಬ್ಬು ಗಂಟಿಕ್ಕಿ ನೋಡಿದರು.

"ಛೇ, ತಪ್ಪು ಹೇಳಿದ್ದೆ. ಎ ಟೂ ಅಲ್ಲ. ಬಿ ಒನ್."

"ಇಷ್ಟು ದಿನ ತಪ್ಪು ಹಲ್ಲನ್ನ ಪ್ರೀತಿಸ್ತಿದ್ರಾ?"

"ಅದಕ್ಕೂ ಒಂದು ತಿದ್ದುಪಡಿ ಕಳಿಸ್ತೀನಿ."

ನಾನು ಗುಂಡಿಯ ಕೆಲಸದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ. ಕೈಗಳೆರಡೂ ಅವರ ಹಿಡಿಯಲ್ಲಿದ್ದವು; ಬಾಯಿಗೆ ಅಡ್ಡ ಹಿಡಿಯಲು ನನ್ನ ಬಳಿ ಒಂದೂ ಉಳಿದಿರಲಿಲ್ಲ.